ನಾಗನೂ ಸುಳ್ಳು ಹೇಳಿದ

ಟಿ.ಎಸ್. ನಾಗಾಭರಣರ ‘ನಾಗಮಂಡಲ’ (1997) ನೋಡಿ ಮುಗಿಸಿದ ರಾತ್ರಿ ಮೂಡುಬಿದಿರೆಯ ನಮ್ಮ ಹಾಸ್ಟೆಲ್ ರೂಮಿನಲ್ಲಿ ಎರಡು ಪಕ್ಷವಾಯಿತು. ಗ್ರಾಫಿಕ್ಸ್ ಆಡಂಬರವಿಲ್ಲದ ಸಿನಿಮಾ. ಗಂಡ ಅಪ್ಪಣ್ಣನೂ ಅವನ ರೂಪದಲ್ಲಿ ಬರುವ ನಾಗನೂ ಪ್ರಕಾಶ್ ರೈ ಅವರೇ. ‘ಹಾವಿನ ಜೊತೆ ಎಂಥ ಪ್ರೀತಿ ಮಾರಾಯ?’ ಎಂದರು ಕೆಲವರು. ‘ಹೆಂಡತಿಯನ್ನು ಒಳಗೆ ಕೂಡಿಹಾಕಿ ಬೀಗ ಜಡಿಯುವ ಗಂಡನಿಗಿಂತ ಹಾವೇ ವಾಸಿ’ ಎಂದರು ಉಳಿದವರು.

ನಾಗಬನಕ್ಕೆ ಕೈಮುಗಿಯುತ್ತಾ ಬೆಳೆದ ನಾನು ಮೊದಲು ನಾಗನ ಕಡೆಗಿದ್ದೆ. ಆದರೆ ತಾನು ಯಾರೆಂದು ಅವನೂ ರಾಣಿಗೆ ಹೇಳಲಿಲ್ಲ. ಒಬ್ಬ ಬೀಗ ಹಾಕಿದ, ಇನ್ನೊಬ್ಬ ಸುಳ್ಳು ಹೇಳಿದ. ಊರ ಹಿರಿಯರು ಪರೀಕ್ಷೆಗೆ ನಿಲ್ಲಿಸಿದ್ದು ಮಾತ್ರ ರಾಣಿಯನ್ನು.

ನಾವೂ ಅಷ್ಟೇ. ಗಂಡನೋ ಹಾವೋ ಎಂದು ಮಧ್ಯರಾತ್ರಿವರೆಗೆ ಜಗಳವಾಡಿದೆವು. ರಾಣಿಗೆ ಏನು ಬೇಕಿತ್ತು ಎಂದು ಒಬ್ಬನೂ ಕೇಳಲಿಲ್ಲ. ಪ್ರೀತಿಯ ಬಗ್ಗೆ ಇಷ್ಟು ಮಾತಾಡುವ ನಾವು ಮೊದಲು ಕೇಳಬೇಕಾದ್ದು ಅದನ್ನೇ ಅಲ್ಲವೇ?