ಸುತ್ತಿ ಕೊಡಬೇಡಿ, ಸುತ್ಕೊಳ್ಳೋಕೆ ಬಿಡಿ

ಕಳೆದ ತಿಂಗಳು ಗೆಳೆಯನ ಹೊಸ ಫ್ಲ್ಯಾಟಿನಲ್ಲಿ ಪಾರ್ಟಿ. 20 ಜನ. ವಿಶೇಷ ಅಂದ್ರೆ ಚಿಕನ್ ಲೆಟಿಸ್ ರ‍್ಯಾಪ್. ಅವನ ಹೆಂಡತಿ ಸಂಜೆ ಐದಕ್ಕೇ ಶುರು ಮಾಡಿ, 60 ಎಲೆಗೆ ಚಿಕನ್ ತುಂಬಿ, ಒಂದೊಂದಕ್ಕೂ ಟೂತ್‌ಪಿಕ್ ಚುಚ್ಚಿ ಜೋಡಿಸಿಟ್ಟಿದ್ರು. ಎಂಟಕ್ಕೆ ನಾವು ಕೈ ಹಾಕೋ ಹೊತ್ತಿಗೆ ಎಲೆ ಬಾಡಿ, ಸಾಸು ಸೋರಿ, ಎತ್ತಿದ್ರೆ ಜೋತು ಬೀಳ್ತಿತ್ತು. ಎಲ್ರೂ ‘ಸೂಪರ್’ ಅಂದ್ವಿ. ಆಕೆಗೆ ಕೇಳಿಸಿತೋ ಇಲ್ವೋ, ಅಡುಗೆಮನೇಲಿ ಇನ್ನೊಂದು ಟ್ರೇ ತುಂಬ್ತಾ ಇದ್ರು.

ನನ್ನ ತಕರಾರು ಅಡುಗೆ ಮೇಲಲ್ಲ, ಬಡಿಸೋ ನಮ್ಮ ಚಟದ ಮೇಲೆ. ಇದರ ಮೂಲ ಕ್ಯಾಂಟನ್ ಕಡೆಯವರ ‘ಸಾಂಗ್ ಚೋಯ್ ಬಾವ್’. ಅಲ್ಲಿ ಪಾರಿವಾಳದ ಮಾಂಸವನ್ನೂ ಸಣ್ಣಗೆ ಕೊಚ್ಚಿ ಹುರೀತಾರೆ. ಬಿಸಿ ಮಾಂಸ ಒಂದು ಕಡೆ, ತಣ್ಣನೆ ಎಲೆ ಒಂದು ಕಡೆ, ತಿನ್ನೋವ್ರೇ ಸುತ್ಕೋಬೇಕು. ಬಾಯಲ್ಲಿ ಆ ಬಿಸಿ, ಆ ತಂಪು ಒಟ್ಟಿಗೆ ಸಿಗೋದೇ ಅದರ ಮಜಾ. ಮೂರು ಗಂಟೆ ಮುಂಚೆ ಸುತ್ತಿಟ್ರೆ ಅದು ಎಲ್ಲಿ ಉಳಿಯುತ್ತೆ?

20 ಜನಕ್ಕೆ 2 ಕೆಜಿ ಮೂಳೆಯಿಲ್ಲದ ತೊಡೆ ಮಾಂಸ ಸಾಕು. ಕೈಯಲ್ಲೇ ಕೊಚ್ಚಿ, ತೀರಾ ನುಣ್ಣಗಿನ ಕೈಮಾ ಬೇಡ. ದಯವಿಟ್ಟು ಅಷ್ಟನ್ನೂ ಒಂದೇ ಬಾಣಲೆಗೆ ಸುರೀಬೇಡಿ. ನಮ್ಮ ಮನೆ ಒಲೆಯ ಉರಿ ಅಷ್ಟನ್ನ ತಡೆಯಲ್ಲ. ನೀರು ಬಿಟ್ಕೊಂಡು ಚಿಕನ್ ಬೇಯುತ್ತೆ, ಹುರಿಯಲ್ಲ. ಅರ್ಧರ್ಧ ಕೆಜಿಯಂತೆ ನಾಲ್ಕು ಸಲ, ಜೋರು ಉರಿ, ಶುಂಠಿ, ಬೆಳ್ಳುಳ್ಳಿ, ಕೊನೇಲಿ ಸೋಯಾ ಸಾಸ್. ಆಗಿದ್ದಾಗಿದ್ದು ಹಾಟ್‌ಬಾಕ್ಸಿಗೆ. ಐಸ್‌ಬರ್ಗ್ ಲೆಟಿಸ್ ಆರೇಳು ಗಡ್ಡೆ ಬೇಕು. ಬಿಡಿಸಿದ ಎಲೆಯನ್ನ ಐಸ್ ನೀರಲ್ಲಿ ಅದ್ದಿ, ಹಳೇ ಪಂಚೆಯಲ್ಲಿ ಚೆನ್ನಾಗಿ ಒರೆಸಿಡಿ. ಒದ್ದೆ ಎಲೆಗೆ ಸಾಸು ಅಂಟಲ್ಲ.

ಇಷ್ಟು ಮಾಡಿ ಟೇಬಲ್ ಮೇಲಿಟ್ಟು ನೀವೂ ಕೂತ್ಕೊಳ್ಳಿ.

‘ಬಂದೋರ ಕೈಲಿ ಕೆಲಸ ಮಾಡಿಸೋದಾ?’ ಅಂತೀರಿ. ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗೋ ಜನಕ್ಕೆ ಒಂದು ಎಲೆ ಮಡಚೋದು ಯಾವ ಕೆಲಸ? ಮರ್ಯಾದೆ ಅತಿಥಿಗೆ, ಬೆವರು ಮನೆಯ ಹೆಂಗಸಿಗೆ ಅನ್ನೋ ಲೆಕ್ಕವನ್ನ ನಾವು ಪಂಕ್ತಿಯಿಂದ ಬಫೆಗೆ, ಬಫೆಯಿಂದ ‘ಫಿಂಗರ್ ಫುಡ್’ಗೆ ಹಾಗೇ ಹೊತ್ಕೊಂಡು ಬಂದಿದ್ದೀವಿ.

ಹೋದ ಶನಿವಾರ ನಮ್ಮನೇಲಿ ಇದನ್ನೇ ಮಾಡಿದೆ. ಅಮ್ಮ ಎರಡು ಸಲ ಅಡುಗೆಮನೆಗೆ ಎದ್ದು ಹೋದ್ರು. ಅಲ್ಲಿ ಮಾಡೋಕೆ ಏನೂ ಇರ್ಲಿಲ್ಲ. ವಾಪಸ್ ಬಂದು ಕೂತು ಮೂರನೇದು ಸುತ್ಕೊಂಡ್ರು.