ಲೈನ್ ನಡೆಸುವುದು ಯಾರು?

ಪ್ರಶ್ನೆ: ಗಾರ್ಮೆಂಟ್ಸ್ ಕಾರ್ಖಾನೆಗಳ ಸೂಪರ್‌ವೈಸರ್ ಹುದ್ದೆಗಳಲ್ಲಿ ಅರ್ಧದಷ್ಟನ್ನು ಮಹಿಳೆಯರಿಗೇ ಕೊಡಬೇಕೆಂದು ವಿದೇಶಿ ಬ್ರ್ಯಾಂಡ್‌ಗಳು ಷರತ್ತು ಹಾಕಬೇಕೆ?

ಪರ

ಪೀಣ್ಯ, ಬೊಮ್ಮನಹಳ್ಳಿ, ದೊಡ್ಡಬಳ್ಳಾಪುರ, ಮದ್ದೂರು. ಎಲ್ಲಿಯ ಗೇಟಿನ ಮುಂದೆ ಬೆಳಿಗ್ಗೆ ನಿಂತರೂ ಒಳಗೆ ಹೋಗುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಒಳಗೆ ಲೈನಿನ ಪಕ್ಕ ನಿಂತು ‘ಟಾರ್ಗೆಟ್ ಎಲ್ಲಿ?’ ಎಂದು ಕೂಗುವವರು ಮಾತ್ರ ಬಹುಪಾಲು ಗಂಡಸರು. ರಜೆ ಕೇಳಬೇಕಾದ್ದು ಅವರನ್ನೇ. ಓ.ಟಿ.ಗೆ ಯಾರು ನಿಲ್ಲಬೇಕೆಂದು ಹೇಳುವವರೂ ಅವರೇ. ಮುಟ್ಟಿನ ದಿನ ಎರಡನೇ ಸಲ ಶೌಚಾಲಯಕ್ಕೆ ಏಳಬೇಕಾದರೂ ಅವರ ಮುಖ ನೋಡಬೇಕು. ಕಿರುಕುಳ ನುಸುಳುವುದು ಈ ಅಧಿಕಾರದ ಸಂದಿಯಿಂದಲೇ.

ಹೆಂಗಸರಿಗೆ ಲೈನ್ ನಡೆಸಲು ಬರುವುದಿಲ್ಲ ಎಂಬ ನಂಬಿಕೆಯನ್ನು ಬಾಂಗ್ಲಾದೇಶದಲ್ಲಿ ಅರ್ಥಶಾಸ್ತ್ರಜ್ಞರು ಪರೀಕ್ಷೆಗೇ ಒಡ್ಡಿದರು. ಅಲ್ಲಿ ಹೊಲಿಯುವವರಲ್ಲಿ ನೂರಕ್ಕೆ ಸುಮಾರು 80 ಜನ ಹೆಂಗಸರು, ಸೂಪರ್‌ವೈಸರ್‌ಗಳಲ್ಲಿ ನೂರಕ್ಕೆ 95 ಜನ ಗಂಡಸರು. ಲೈನಿನಿಂದಲೇ ಆರಿಸಿ, ತರಬೇತಿ ಕೊಟ್ಟು ಹೆಂಗಸರನ್ನು ಆ ಜಾಗಕ್ಕೆ ತಂದಾಗ ಮೊದಮೊದಲು ಲೈನಿನವರೇ ಅವರನ್ನು ಒಪ್ಪಲಿಲ್ಲ, ಕೆಲಸವೂ ಸ್ವಲ್ಪ ಹಿಂದೆ ಬಿತ್ತು. ಸುಮಾರು ನಾಲ್ಕು ತಿಂಗಳಲ್ಲಿ ಎರಡೂ ಸರಿಹೋದವು. ಶಿಪ್‌ಮೆಂಟ್ ತಲೆಯ ಮೇಲಿರುವ ಪ್ರೊಡಕ್ಷನ್ ಮ್ಯಾನೇಜರ್ ಆ ನಾಲ್ಕು ತಿಂಗಳು ತಾನಾಗಿ ಕಾಯುವುದಿಲ್ಲ. ಷರತ್ತು ಬೇಕಾಗಿರುವುದು ಅದಕ್ಕೇ.

ಇನ್ನೊಂದು ಕಾರಣವೂ ಇದೆ. ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಗೆ ಹಿರಿಯ ಹುದ್ದೆಯ ಮಹಿಳೆಯೇ ಅಧ್ಯಕ್ಷೆಯಾಗಬೇಕೆಂದು ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ಹೇಳುತ್ತದೆ. ಫ್ಲೋರಿನಲ್ಲಿ ಅಂಥವರು ಬೆಳೆಯದಿದ್ದರೆ ಆ ಜಾಗ ಎಚ್.ಆರ್. ಕಚೇರಿಗೆ ಹೋಗುತ್ತದೆ. ಅಲ್ಲಿನ ಮೇಡಂ ಮುಂದೆ ಹೊಲಿಯುವ ಹುಡುಗಿ ಬಾಯಿ ಬಿಟ್ಟಾಳೆಯೆ?

2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯಲು ತಡೆಯೊಡ್ಡಿದ ಹೊಸ ನಿಯಮದ ವಿರುದ್ಧ ಬೀದಿಗಿಳಿದು, ಹೊಸೂರು ರಸ್ತೆಯನ್ನೇ ನಿಲ್ಲಿಸಿ, ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದವರು ಇದೇ ಹೆಣ್ಣುಮಕ್ಕಳು. ಅವರಿಗೆ ಒಂದು ಲೈನ್ ನಡೆಸುವ ಯೋಗ್ಯತೆ ಇಲ್ಲವೆ?

ವಿರೋಧ

ಯೋಗ್ಯತೆ ಖಂಡಿತ ಇದೆ. ಅದರಲ್ಲಿ ನಮ್ಮಿಬ್ಬರಿಗೆ ಜಗಳವಿಲ್ಲ. ನನ್ನ ತಕರಾರು ಇರುವುದು ಆ ಹುದ್ದೆಯ ಬಗ್ಗೆ.

ಗಂಟೆಗೆ ಎಷ್ಟು ಪೀಸ್ ಎಂದು ತೀರ್ಮಾನಿಸುವುದು ಸೂಪರ್‌ವೈಸರ್ ಅಲ್ಲ. ಕಾಲರ್ ಕೂರಿಸಲು ಎಷ್ಟು ಸೆಕೆಂಡ್, ತೋಳು ಜೋಡಿಸಲು ಎಷ್ಟು ಎಂದು ಸ್ಟಾಪ್‌ವಾಚ್ ಹಿಡಿದು ಲೆಕ್ಕ ಹಾಕುವವರು ಐ.ಇ. (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರು. ಆ ಲೆಕ್ಕವನ್ನು ಬಿಗಿ ಮಾಡುವುದು ಬ್ರ್ಯಾಂಡ್ ಕೊಡುವ ದರ, ಮಾಲು ಹಡಗು ಹತ್ತಬೇಕಾದ ದಿನ. ದರ ಇಳಿದರೆ ಟಾರ್ಗೆಟ್ ಏರುತ್ತದೆ. ಬೋರ್ಡಿನ ಮೇಲೆ ಅಂಕಿ ಕಡಿಮೆ ಬಂದ ಗಂಟೆ ಸೂಪರ್‌ವೈಸರ್ ಮೇಲಿನವರಿಂದ ಬೈಸಿಕೊಳ್ಳುತ್ತಾನೆ, ಅದೇ ಬೈಗುಳ ಲೈನಿಗೆ ಇಳಿಯುತ್ತದೆ. ಅವನ ಜಾಗಕ್ಕೆ ಅವಳು ಬಂದರೆ, ನಿನ್ನೆಯವರೆಗೆ ಒಂದೇ ಗಾಡಿಯಲ್ಲಿ ಬರುತ್ತಿದ್ದ ಗೆಳತಿಯರನ್ನು ಅವಳು ಬೈಯಬೇಕಾಗುತ್ತದೆ. ಲೈನ್ ಎದ್ದ ಮೇಲೂ ಲೆಕ್ಕ ಒಪ್ಪಿಸಲು ನಿಲ್ಲಬೇಕು. ಮನೆಯಲ್ಲಿ ನೀರು ಹಿಡಿಯುವುದು, ಅಡುಗೆ, ಪಕ್ಕದ ಮನೆಯಲ್ಲಿ ಬಿಟ್ಟ ಮಗುವನ್ನು ಕರೆತರುವುದು ಮಾತ್ರ ಅವಳ ಪಾಲಿಗೇ ಉಳಿಯುತ್ತದೆ. ಬಡ್ತಿ ಬೇಡವೆನ್ನುವ ಹೆಣ್ಣುಮಗಳಿಗೆ ಧೈರ್ಯ ಸಾಲದು ಅನ್ನುವುದು ಅನ್ಯಾಯ. ಅವಳು ತನ್ನ ದಿನದ ಲೆಕ್ಕ ಹಾಕಿಯೇ ಬೇಡ ಅಂದಿರುತ್ತಾಳೆ.

ಈ ಷರತ್ತಿನಿಂದ ಬ್ರ್ಯಾಂಡಿಗೆ ನಷ್ಟವೇನೂ ಇಲ್ಲ. ವಾರ್ಷಿಕ ವರದಿಗೆ ಒಳ್ಳೆಯ ಅಂಕಿಯೊಂದು ಸಿಗುತ್ತದೆ, ಪೀಸಿನ ದರ ಇದ್ದಲ್ಲೇ ಇರುತ್ತದೆ. ತರಬೇತಿ, ಕಾಯುವಿಕೆ, ಹಿಂದೆ ಬಿದ್ದ ಪ್ರೊಡಕ್ಷನ್, ಎಲ್ಲದರ ಭಾರ ಕಾರ್ಖಾನೆಯ ಮೇಲೆ ಬೀಳುತ್ತದೆ. ಕಾರ್ಖಾನೆ ಅದನ್ನು ಯಾರ ತಲೆಗೆ ದಾಟಿಸುತ್ತದೆ ಎಂಬುದು ಗೊತ್ತಿರುವ ವಿಷಯ.

ಬೇರೆ ದಾರಿ ಪಕ್ಕದ ತಮಿಳುನಾಡಿನಲ್ಲೇ ಇದೆ. ದಿಂಡಿಗಲ್‌ನಲ್ಲಿ ಬಟ್ಟೆ ಕಾರ್ಖಾನೆಯೊಂದರ ದಲಿತ ಯುವತಿ 2021ರ ಜನವರಿಯಲ್ಲಿ ಕೊಲೆಯಾದಳು. ಬಂಧಿತನಾದವನು ಅವಳ ಸೂಪರ್‌ವೈಸರ್. ಮಹಿಳೆಯರೇ ಮುನ್ನಡೆಸುವ ಅಲ್ಲಿನ ಕಾರ್ಮಿಕ ಸಂಘ ಬಿಡದೆ ಹೋರಾಡಿತು. 2022ರಲ್ಲಿ ಕಾರ್ಖಾನೆಯ ಮಾಲೀಕರೂ ಎಚ್ ಅಂಡ್ ಎಂ ಕಂಪನಿಯೂ ಸಂಘದ ಜೊತೆ ಒಪ್ಪಂದಕ್ಕೆ ಬಂದರು, ಬಳಿಕ ಗ್ಯಾಪ್ ಮತ್ತು ಪಿ.ವಿ.ಎಚ್. ಸೇರಿದವು. ಕಿರುಕುಳದ ಮೇಲೆ ಕಣ್ಣಿಡಲು ಫ್ಲೋರಿನಲ್ಲಿ ಸಂಘದಿಂದ ತರಬೇತಿ ಪಡೆದ ಕೆಲಸಗಾರ್ತಿಯರೇ ಇರುತ್ತಾರೆ. ದೂರು ಕೊಟ್ಟವಳನ್ನು ಪೀಡಿಸುವಂತಿಲ್ಲ. ಕಾರ್ಖಾನೆ ಮಾತಿಗೆ ತಪ್ಪಿದರೆ ಬ್ರ್ಯಾಂಡ್ ವ್ಯಾಪಾರದ ಮೂಲಕವೇ ಬಿಸಿ ಮುಟ್ಟಿಸಬೇಕು. ಅಲ್ಲಿ ಬ್ರ್ಯಾಂಡಿನ ಸಹಿಗೆ ಕಾನೂನಿನ ಬಲವಿದೆ.

2016ರಲ್ಲಿ ಹೊಸೂರು ರಸ್ತೆಗಿಳಿದವರ ಕೈಯಲ್ಲೂ ಯಾವ ಹುದ್ದೆ ಇರಲಿಲ್ಲ. ಸಂಘಗಳೂ ಅವರನ್ನು ಕರೆತಂದಿರಲಿಲ್ಲ. ಒಟ್ಟಾಗಿ ಎದ್ದಿದ್ದರು, ಅಷ್ಟೇ. ಆ ಒಟ್ಟುತನಕ್ಕೆ ಕಾರ್ಖಾನೆಯೊಳಗೆ ಜಾಗ ಕೊಡುವ ಒಪ್ಪಂದ ಬೆಂಗಳೂರಿಗೂ ಬರಲಿ. ಅದರಲ್ಲಿ ಮೊದಲು ಪೀಸಿನ ದರದ ಮಾತಾಗಲಿ, ಆಮೇಲೆ ಮಕ್ಕಳನ್ನು ನಂಬಿ ಬಿಡಬಹುದಾದ ಶಿಶುವಿಹಾರದ ಮಾತು. ಬಡ್ತಿಯನ್ನೂ ಸೇರಿಸಿ, ನಾನು ಬೇಡ ಅನ್ನುವುದಿಲ್ಲ. ಆದರೆ ಯಾರಿಗೆ ಬಡ್ತಿ ಎಂದು ಹೆಸರು ಸೂಚಿಸುವ ಹಕ್ಕು ಲೈನಿನಲ್ಲಿ ಕೂತವರಿಗೆ ಇರಲಿ.