ತೋಳು ಅವಳದು, ಸಹಿ ವಾರ್ಡನ್‌ದು

2009ರ ಜುಲೈ. ಆಗ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆ. ಭದ್ರಾಚಲಂ, ಕೊತ್ತಗೂಡೆಂ ಕಡೆಯ ಹತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳ ತೋಳಿಗೆ ಎಚ್‌ಪಿವಿ ಲಸಿಕೆ ಚುಚ್ಚಲು ಶುರುಮಾಡಿದರು. ಆದಿವಾಸಿ ಮಕ್ಕಳು, ದಲಿತರ ಮಕ್ಕಳು, ಕೂಲಿಯವರ ಮಕ್ಕಳು. ಎಷ್ಟೋ ಜನ ಸರ್ಕಾರಿ ಹಾಸ್ಟೆಲಿನಲ್ಲಿ ಉಂಡು ಮಲಗುತ್ತಿದ್ದವರು. ಯೋಜನೆ ಅಮೆರಿಕದ ಪಾತ್ ಸಂಸ್ಥೆಯದು, ದುಡ್ಡು ಗೇಟ್ಸ್ ಪ್ರತಿಷ್ಠಾನದ್ದು, ಲಸಿಕೆ ಮರ್ಕ್ ಮತ್ತು ಜಿಎಸ್‌ಕೆ ಕಂಪನಿಗಳದು. ಜೊತೆಗೆ ನಿಂತದ್ದು ನಮ್ಮದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್.

ಒಪ್ಪಿಗೆ ಪತ್ರ ಇರಲಿಲ್ಲವೇ? ಇತ್ತು ಸ್ವಾಮಿ, ಕಟ್ಟುಗಟ್ಟಲೆ ಇತ್ತು. ಆಮೇಲೆ ಬಿಚ್ಚಿ ನೋಡಿದಾಗ 9,543 ಪತ್ರಗಳಲ್ಲಿ 1,948ರ ಮೇಲೆ ಬರೀ ಹೆಬ್ಬೆಟ್ಟು. 2,763ರ ಮೇಲೆ ಹಾಸ್ಟೆಲ್ ವಾರ್ಡನ್‌ಗಳ ಸಹಿ. ಹೆತ್ತವರು ಊರಲ್ಲಿ ಬದುಕಿದ್ದಾರೆ, ಮಗಳ ಮೈಮೇಲಿನ ಹಕ್ಕು ಅನ್ನ ಬಡಿಸುವ ಇಲಾಖೆಗೆ ಹೋಗಿದೆ! ಮಕ್ಕಳನ್ನು ಪಿಕ್‌ನಿಕ್ಕಿಗೆ ಕರೆದೊಯ್ಯಲೂ ಅಪ್ಪ-ಅಮ್ಮನ ಚೀಟಿ ಕೇಳುತ್ತವಲ್ಲ ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಗಳು, ಅಲ್ಲಿ ಪ್ರಿನ್ಸಿಪಾಲರು ಹೀಗೆ ಸಹಿ ಗೀಚಿದ್ದರೆ ಮರುದಿನವೇ ವಕೀಲರ ನೋಟಿಸ್ ಬರುತ್ತಿತ್ತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರಿಗೆ ಹಾಸ್ಟೆಲ್ ಮಕ್ಕಳೇ ಬೇಕು.

ಖಮ್ಮಂ ಮತ್ತು ಇದೇ ಯೋಜನೆ ನಡೆದ ಗುಜರಾತಿನ ವಡೋದರಾ ಸೇರಿ ಏಳು ಹುಡುಗಿಯರು ಸತ್ತರು. 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಸಾವಿಗೂ ಲಸಿಕೆಗೂ ಸಂಬಂಧವಿದ್ದಂತಿಲ್ಲ ಎಂದಿತು ಸರ್ಕಾರ ನೇಮಿಸಿದ ತನಿಖಾ ಸಮಿತಿ. ಒಪ್ಪುತ್ತೇನೆ, ಹಾವು ಕಚ್ಚಿ ಸತ್ತವಳೂ ಅವರಲ್ಲಿದ್ದಳು. ಲಸಿಕೆ ಕೆಟ್ಟದ್ದೆಂದೂ ನಾನು ಹೇಳುತ್ತಿಲ್ಲ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಅದು, ಎಲ್ಲರಿಗಿಂತ ಮೊದಲು ಬಡ ಹೆಣ್ಣುಮಕ್ಕಳಿಗೇ ಸಿಗಬೇಕಾದದ್ದು. ಆದರೆ ಸೂಜಿ ಚುಚ್ಚಿದ ಮೇಲೆ ಮಗುವಿಗೆ ಏನಾಯಿತೆಂದು ಬೆನ್ನುಹತ್ತಿ ನೋಡುವ ಸರಿಯಾದ ಏರ್ಪಾಡೇ ಇರಲಿಲ್ಲ. ಈ ಯೋಜನೆಯನ್ನು ಪ್ರಯೋಗವೆಂದು ಕರೆಯದೆ ನಿಯಮಗಳಿಂದ ನುಣುಚಿಕೊಂಡರು ಎಂದು 2013ರಲ್ಲಿ ಸಂಸದೀಯ ಸಮಿತಿಯೇ ಛೀಮಾರಿ ಹಾಕಿತು.

ಪ್ರಯೋಗಾಲಯ, ಪ್ರಾಣಿ, ಆಮೇಲೆ ಮೂರು ಹಂತಗಳಲ್ಲಿ ಮನುಷ್ಯರು, ಕೊನೆಗೆ ದೆಹಲಿಯ ಔಷಧ ನಿಯಂತ್ರಕರ ಮೊಹರು: ಹೊಸ ಔಷಧಿ ರೋಗಿಯ ಕೈಸೇರುವ ಪಠ್ಯಪುಸ್ತಕದ ದಾರಿ ಇದು. ಆ ಮೊಹರಿನ ಮೇಜನ್ನೂ ನೋಡಿ. 2008ರಿಂದ 2010ರೊಳಗೆ ಮೂವತ್ತಕ್ಕೂ ಹೆಚ್ಚು ಹೊಸ ಔಷಧಿಗಳಿಗೆ ಭಾರತದ ರೋಗಿಗಳ ಮೇಲೆ ಪರೀಕ್ಷೆಯೇ ಇಲ್ಲದೆ ಪರವಾನಗಿ ಸಿಕ್ಕಿತ್ತೆಂದು 2012ರ ಸಂಸದೀಯ ವರದಿ ಹೇಳಿತು. ಬೇರೆ ಬೇರೆ ಊರಿನ ತಜ್ಞ ವೈದ್ಯರು ಕೊಟ್ಟ ಶಿಫಾರಸು ಪತ್ರಗಳು ಅಕ್ಷರಕ್ಕೆ ಅಕ್ಷರ ಒಂದೇ! ಬರೆದದ್ದು ಕಂಪನಿಗಳ ಕಾಣದ ಕೈ, ತಜ್ಞರದು ಸಹಿ ಮಾತ್ರ ಎಂದು ವರದಿಯೇ ಶಂಕಿಸಿತು. ಕೆಳಗೆ ಓದಲು ಬಾರದವರ ಹೆಬ್ಬೆಟ್ಟು, ಮೇಲೆ ಓದಿದವರ ಹೆಬ್ಬೆಟ್ಟು. ಮೊದಲನೆಯವರಿಗೆ ಬೇರೆ ದಾರಿ ಇರಲಿಲ್ಲ, ಎರಡನೆಯವರಿಗೆ ನಾಚಿಕೆ ಇರಲಿಲ್ಲ.

2005ರಿಂದ 2012ರ ನಡುವೆ 475 ಹೊಸ ಔಷಧಿಗಳ ಪ್ರಯೋಗದ ವೇಳೆ 2,644 ಮಂದಿ ಸತ್ತರೆಂದು ಸರ್ಕಾರವೇ ಸುಪ್ರೀಂ ಕೋರ್ಟಿಗೆ ಲೆಕ್ಕ ಕೊಟ್ಟಿತು. ಪ್ರಯೋಗದಿಂದಲೇ ಸತ್ತವರೆಂದು ಒಪ್ಪಿಕೊಂಡದ್ದು 80 ಮಂದಿಯನ್ನು. ಉಳಿದವರು ಕಾಯಿಲೆಯಿಂದಲೋ ಬೇರೆ ಕಾರಣಕ್ಕೋ ಸತ್ತರಂತೆ. ಕಾಯಿಲೆಯವರನ್ನೇ ಹುಡುಕಿ ಪ್ರಯೋಗಕ್ಕೆ ಹಚ್ಚುವವರಿಗೆ ಇದಕ್ಕಿಂತ ಅನುಕೂಲದ ಉತ್ತರ ಯಾವುದಿದೆ?

ಕೋರ್ಟು ಗದರಿದ ಮೇಲೆ ನಿಯಮಗಳು ಬಿಗಿಯಾದವು ನಿಜ. 2019ರಲ್ಲಿ ಹೊಸ ನಿಯಮಾವಳಿಯೂ ಬಂತು. ಅದರಲ್ಲೊಂದು ಸೊಗಸು ಕೇಳಿ: ಭಾರತದಲ್ಲೇ ಕಂಡುಹಿಡಿದ ಔಷಧಿಯ ಪ್ರಯೋಗಕ್ಕೆ ಕಂಪನಿ ಅರ್ಜಿ ಹಾಕಿ 30 ಕೆಲಸದ ದಿನಗಳಲ್ಲಿ ಉತ್ತರ ಬರದಿದ್ದರೆ ಅನುಮತಿ ಸಿಕ್ಕಂತೆಯೇ. ವಿಧವಾ ವೇತನಕ್ಕೆ ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸುವ ಯಾವ ಅಜ್ಜಿಗಾದರೂ ಈ ಭಾಗ್ಯ ಉಂಟೇ?

ನಿಮ್ಮ ಅವ್ವನನ್ನೋ ಮಗಳನ್ನೋ ಆಸ್ಪತ್ರೆಗೆ ಕರೆದೊಯ್ದಾಗ, ಹೊಸ ಔಷಧಿ ಇದೆ, ಪುಕ್ಕಟೆ, ಇಲ್ಲೊಂದು ಸಹಿ ಹಾಕಿ ಎಂದರೆ ಪೆನ್ನು ಹಿಡಿಯಬೇಡಿ. ಕನ್ನಡದ ಪ್ರತಿ ಕೇಳಿ. ಓದಲು ಬಾರದಿದ್ದರೆ ನಿಮ್ಮ ಕಡೆಯ ಸಾಕ್ಷಿಯೆದುರು ಓದಿಸಿ. ಹೆಚ್ಚುಕಮ್ಮಿಯಾದರೆ ಚಿಕಿತ್ಸೆ ಯಾರದು, ಪರಿಹಾರ ಎಷ್ಟು ಎಂದು ಕೇಳಿ. ಪತ್ರದ ಒಂದು ಪ್ರತಿ ಮನೆಗೆ ತನ್ನಿ. ನಡುವೆ ಬೇಡವೆನಿಸಿದರೆ ಎದ್ದು ಬನ್ನಿ, ಆ ಹಕ್ಕು ನಿಮ್ಮದು. ಇಷ್ಟು ಕೇಳಿದ್ದಕ್ಕೇ ಡಾಕ್ಟರು ಮುಖ ಸಿಂಡರಿಸಿದರೆ, ಸಹಿ ಹಾಕಲೇಬೇಡಿ.